ಹುಲಿಗೆ ಬೆನ್ನು ಹಾಕಿ ಕೂತವನು

ಕಾಡಿನ ಅಂಚಿಗೆ ಒಂದು ಊರು. ಹೆಸರು ಕೇಳಬೇಡಿ. ಹೇಳಿದರೆ ನೀವು ನಾಳೆಯೇ ಬುತ್ತಿ ಕಟ್ಟಿಕೊಂಡು ಹೊರಟುಬಿಡುತ್ತೀರಿ, ಅಲ್ಲಿ ಈಗಲೇ ಕಾಲಿಡಲು ಜಾಗವಿಲ್ಲ. ಆ ಊರಿನವರು ಬೆಳೆ ಬೆಳೆಯುತ್ತಿರಲಿಲ್ಲ, ಬಟ್ಟೆ ನೇಯುತ್ತಿರಲಿಲ್ಲ. ಅವರಿಗೆ ಇದ್ದದ್ದು ಒಂದು ಹುಲಿ. ಅದನ್ನು ಹೊರಗಿನಿಂದ ಬಂದವರಿಗೆ ತೋರಿಸುತ್ತಿದ್ದರು. ಊರಿನ ಅಷ್ಟೂ ಒಲೆಗಳು ಉರಿಯುತ್ತಿದ್ದದ್ದು ಅದರಿಂದಲೇ.

ಊರಿಗೆ ಇದ್ದ ಕಟ್ಟಳೆಯೂ ಒಂದೇ. ಊರಿನವರು ಯಾರೂ ಹುಲಿಯನ್ನು ನೋಡಕೂಡದು.

ಹಿಂದಿನವರು ಅದಕ್ಕೊಂದು ಕಾರಣ ಹೇಳಿಟ್ಟಿದ್ದರು. ನೋಡಿದಷ್ಟೂ ಹುಲಿಯ ಪಟ್ಟೆ ಸವೆಯುತ್ತದೆ. ಹೊರಗಿನವರು ಒಂದು ಸಲ ನೋಡಿ ಹೋಗುತ್ತಾರೆ, ಅಷ್ಟು ಸವೆತವನ್ನು ಹುಲಿ ಒಂದು ಮಳೆಗಾಲದಲ್ಲಿ ತುಂಬಿಕೊಳ್ಳುತ್ತದೆ. ಊರಿನವರೇ ದಿನಬೆಳಗಾದರೆ ನೋಡುತ್ತ ಕೂತರೆ ನಾಲ್ಕು ವರ್ಷದಲ್ಲಿ ಅದು ಬರೀ ಹಳದಿ ಬೆಕ್ಕಾಗಿ ಉಳಿಯುತ್ತದೆ. ಬೆಕ್ಕು ನೋಡಲು ಯಾರು ಬರುತ್ತಾರೆ? ಬೆಕ್ಕು ಅವರವರ ಮನೆಯಲ್ಲೇ ಇರುತ್ತದಲ್ಲ. ಹೀಗಾಗಿ ಹುಲಿಯಿಂದ ಉಂಡು, ಹುಲಿಯಿಂದ ಉಟ್ಟು, ಹುಲಿಯ ಮೇಲೆ ಆಣೆ ಇಟ್ಟು ಬದುಕಿದ ಆ ಊರಿನಲ್ಲಿ ಹುಲಿ ಹೇಗಿರುತ್ತದೆಂದು ಬಲ್ಲವರಿರಲಿಲ್ಲ. ಗೋಡೆಗೋಡೆಯ ಮೇಲೂ ಹುಲಿಯ ಚಿತ್ರವಿತ್ತು. ಎಣ್ಣೆ ಅಂಗಡಿಯ ಗೋಡೆಯ ಹುಲಿಗೆ ಎಣ್ಣೆ ಅಂಗಡಿಯವನದೇ ಮೀಸೆ. ಚಾವಡಿಯ ಹುಲಿಗೆ ಊರ ಯಜಮಾನನ ಹೊಟ್ಟೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಹುಟ್ಟಿದ್ದು ಈ ಊರನ್ನು ನೋಡಿಯೇ ಇರಬೇಕು.

ಬಂದವರು ಮೊದಲು ಊರ ಬಾಗಿಲಲ್ಲಿ ಕೈಗಡಿಯಾರ ಬಿಚ್ಚಿ ಹಿತ್ತಾಳೆಯ ಕೊಡಕ್ಕೆ ಹಾಕಬೇಕು. ಆಮೇಲೆ ಕಾಲು ತೊಳೆಯಬೇಕು. ಆಮೇಲೆ ಕಣ್ಣು ಮುಚ್ಚಿ ನಿಧಾನ, ನಿಧಾನ, ನಿಧಾನ ಎಂದು ಮೂರು ಸಲ ಹೇಳಬೇಕು. ಇಷ್ಟಾದ ಮೇಲೆ ಅವರನ್ನು ಎತ್ತಿನ ಗಾಡಿ ಹತ್ತಿಸುತ್ತಿದ್ದರು. ಗಾಡಿ ಮೂರು ಹಗಲು ಕಾಡಿನೊಳಗೆ ಎತ್ತಿನ ಹೆಜ್ಜೆಯಲ್ಲೇ ಸುತ್ತು ಹಾಕಿ ಮೂರನೆಯ ಸಂಜೆ ಊರಿಗೆ ಮರಳುತ್ತಿತ್ತು. ಎತ್ತು ನಿಂತರೆ ಗಾಡಿ ನಿಂತ ಹಾಗೆ. ಎತ್ತು ಮೆಲುಕು ಹಾಕಿದರೆ ಗಾಡಿಯಲ್ಲಿ ಕೂತವರೂ ಬಾಯಿ ಆಡಿಸಿಕೊಂಡು ಕೂತಿರಬೇಕು. ದೊಡ್ಡ ದೊಡ್ಡ ಊರುಗಳಿಂದ ಓಡೋಡಿ ಬಂದ ಜನ ಇಲ್ಲಿ ಹಣ ಕೊಟ್ಟು ನಿಧಾನವಾಗಿ ಹೋಗುತ್ತಿದ್ದರು, ಮತ್ತೆ ಓಡೋಡಿ ತಮ್ಮ ಊರು ಸೇರುತ್ತಿದ್ದರು.

ಗಾಡಿ ಹೊಡೆಯುವವನು ಊರಿನವನೇ. ಅವನು ಹುಲಿ ನೋಡಬಾರದಲ್ಲ, ಅದಕ್ಕೂ ಹಿರಿಯರು ಉಪಾಯ ಮಾಡಿದ್ದರು. ಗಾಡಿಯಾತ ನೊಗಕ್ಕೆ ಹೋಗುವ ಮೂಕಿಮರದ ಬುಡದಲ್ಲಿ ಕಾಡಿಗೆ ಬೆನ್ನು ಹಾಕಿ, ಕೂತವರ ಕಡೆ ಮುಖ ಮಾಡಿ ಕೂರಬೇಕು. ಹಗ್ಗ ಹೆಗಲ ಮೇಲಿಂದ ಹಿಂದಕ್ಕೆ ಹೋಗುತ್ತಿತ್ತು. ಜಟಕಾ ಕುದುರೆಗೆ ಕಟ್ಟುವಂಥ ತೊಗಲಿನ ಕಣ್ಣುಪಟ್ಟಿ ಅವನ ಎರಡು ಕಣ್ಣಿನ ಪಕ್ಕದಲ್ಲೂ ಇರುತ್ತಿತ್ತು. ಗಾಡಿಯ ಹಿಂಬದಿಗೆ ನೆಲ ಕಾಣದಂತೆ ಎದೆಮಟ್ಟದ ಒಂದು ಚಾಪೆ, ಅದರ ಮೇಲೆ ಮರಗಳ ತುದಿ ಮಾತ್ರ ಕಾಣುತ್ತಿತ್ತು. ಎತ್ತುಗಳಿಗೆ ದಾರಿ ಗೊತ್ತಿತ್ತು. ಎತ್ತುಗಳು ಮಾತ್ರ ಹುಲಿಯನ್ನು ಎಷ್ಟು ಬೇಕಾದರೂ ನೋಡಬಹುದಿತ್ತು. ಕಟ್ಟಳೆ ಮಾಡಿದವರಿಗೆ ಎತ್ತಿನ ನೆನಪು ಬಂದಿರಲಿಲ್ಲ.

ನಮ್ಮ ಗಾಡಿಯಾತ ಹೀಗೆ ಮೂವತ್ತು ವರ್ಷ ಕೂತವನು.

ಮೂವತ್ತು ವರ್ಷದಲ್ಲಿ ಅವನು ಕಾಡು ನೋಡಲಿಲ್ಲ, ಮುಖ ನೋಡಿದ. ಬೆನ್ನ ಹಿಂದೆ ಏನು ಬಂದಿದೆ ಎನ್ನುವುದನ್ನು ಎದುರಿನ ಮುಖಗಳಲ್ಲಿ ಓದಿಕೊಂಡ. ಹುಬ್ಬು ಮೇಲೆ ಹೋಗಿ ತುಟಿಯಲ್ಲಿ ನಗೆ ಬಂದರೆ ಜಿಂಕೆ. ಮುಖ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿದರೆ ಆನೆ. ಕಣ್ಣು ಮೇಲಕ್ಕೆ ಹೋಗಿ ಗಂಟಲ ಮಣಿ ಒಮ್ಮೆ ಏರಿ ಇಳಿದರೆ ಮರದ ಮೇಲೆ ಚಿರತೆ. ಹುಲಿ ಬಂದರೆ ಬೇರೆಯೇ. ಹುಲಿ ಬಂದಾಗ ಮುಖದಿಂದ ಎಲ್ಲವೂ ಇಳಿದುಹೋಗುತ್ತಿತ್ತು. ದೊಡ್ಡ ಮನುಷ್ಯ ಎಂಬುದು ಇಳಿಯುತ್ತಿತ್ತು, ಕೊಟ್ಟ ಹಣ ಇಳಿಯುತ್ತಿತ್ತು, ಪಕ್ಕದಲ್ಲಿ ಹೆಂಡತಿ ಕೂತಿದ್ದಾಳೆ ಎಂಬುದೂ ಇಳಿಯುತ್ತಿತ್ತು. ಉಳಿಯುತ್ತಿದ್ದದ್ದು ಎರಡು ಕಣ್ಣು, ತೆರೆದ ಬಾಯಿ. ಆ ಒಂದು ಗಳಿಗೆ ಜಗತ್ತಿನ ಯಾವ ಮುಖವಾದರೂ ಚೆನ್ನಾಗಿರುತ್ತಿತ್ತು. ಗಾಡಿಯಾತ ಅದನ್ನು ಹೊಟ್ಟೆ ತುಂಬ ನೋಡುತ್ತಿದ್ದ. ಅವನ ಪಾಲಿನ ಹುಲಿ ಅದು.

ಮೂರನೆಯ ಸಂಜೆ ಮನೆಗೆ ಬಂದರೆ ಹೆಂಡತಿ ಕೇಳುತ್ತಿದ್ದಳು. "ಈ ಸಲ ಹೆಂಗಿತ್ರೀ?"

ಗಾಡಿಯಾತ ತಾನು ನೋಡಿದ ಮುಖವನ್ನು ಮಾಡಿ ತೋರಿಸುತ್ತಿದ್ದ. ಕಣ್ಣು ಅಗಲಿಸಿ, ಬಾಯಿ ತೆರೆದು, ಉಸಿರು ಹಿಡಿದು ನಿಲ್ಲುತ್ತಿದ್ದ. ಹೆಂಡತಿ ಬಟ್ಟೆಯ ಮೇಲೆ ಹುಲಿ ಬರೆದು ಮಾರುವವಳು. ಗಂಡನ ಆ ಮುಖ ನೋಡಿಕೊಂಡೇ ಬರೆಯುತ್ತಿದ್ದಳು. ಅವಳ ಹುಲಿಗಳೆಲ್ಲ ಎದುರಿಗೆ ಏನನ್ನೋ ಕಂಡು ದಂಗಾಗಿ ನಿಂತಂತೆ ಇರುತ್ತಿದ್ದವು. ಬಂದವರು ಅವನ್ನು ಮುಗಿಬಿದ್ದು ಕೊಳ್ಳುತ್ತಿದ್ದರು. ಕೆಲವರು ಕಾಡಿಗೆ ಹೋಗಿ ಬಂದ ಮೇಲೆ, ಒಳಗಿನ ಹುಲಿ ಬಟ್ಟೆಯ ಮೇಲಿನ ಹುಲಿಯಷ್ಟು ಚೆನ್ನಾಗಿರಲಿಲ್ಲ ಎಂದು ಯಜಮಾನನ ಹತ್ತಿರ ದೂರನ್ನೂ ಹೇಳಿದ್ದರು.

ಇಷ್ಟೇ ಆಗಿದ್ದರೆ ಗಾಡಿಯಾತ ಹಾಗೇ ಹಾಯಾಗಿ ಮುದುಕನಾಗುತ್ತಿದ್ದ. ಆದರೆ ಬಂದವರ ಕೈಯಲ್ಲಿ ಚಿತ್ರ ಹಿಡಿಯುವ ಪೆಟ್ಟಿಗೆಗಳು ಬಂದವು. ಮೊದಮೊದಲು ಗಾಡಿಗೊಂದು, ಆಮೇಲೆ ತಲೆಗೊಂದು. ಹುಲಿ ಬಂತು ಎನ್ನುವುದೇ ತಡ, ಎಲ್ಲರೂ ಪೆಟ್ಟಿಗೆ ಎತ್ತಿ ಮುಖಕ್ಕೆ ಹಿಡಿದುಬಿಡುತ್ತಿದ್ದರು. ಗಾಡಿಯಾತನ ಎದುರಿಗೆ ಮುಖಗಳೇ ಇರುತ್ತಿರಲಿಲ್ಲ, ನಾಲ್ಕು ಕಪ್ಪು ಪೆಟ್ಟಿಗೆ ಇರುತ್ತಿದ್ದವು. ಹುಲಿ ಹೋದ ಮೇಲೆ ಪೆಟ್ಟಿಗೆ ಇಳಿಸಿ, ಅದರೊಳಗೆ ಬಗ್ಗಿ, ಹುಲಿ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದರು. ಅವರ ಪಾಲಿಗೆ ಹುಲಿ ಒಳಗೆ ಸೇರಿತ್ತು, ಗಾಡಿಯಾತನ ಪಾಲಿಗೆ ಏನೂ ಬಂದಿರಲಿಲ್ಲ.

"ಈ ಸಲ ಹೆಂಗಿತ್ರೀ?" ಎಂದು ಹೆಂಡತಿ ಕೇಳಿದರೆ, "ಪೆಟ್ಟಿಗೆ ಥರ ಇತ್ತು" ಎನ್ನುತ್ತಿದ್ದ.

ಅವನಿಗೆ ಹುಲಿಯ ಹಸಿವು ಹತ್ತಿದ್ದು ಆಗಲೇ. ಪರರ ಮುಖದಲ್ಲಿ ಉಂಡು ಸಾಕಾಗಿತ್ತು, ತನ್ನ ಕಣ್ಣಿನಿಂದಲೇ ಒಂದು ಸಲ ನೋಡಬೇಕು ಎನ್ನಿಸಿತು. ನಿದ್ದೆಯಲ್ಲೂ ಬಾಯಿ ತೆರೆದು ಮಲಗುತ್ತಿದ್ದ.

ಅದಕ್ಕೆ ಕಟ್ಟಳೆಯಲ್ಲಿ ಒಂದು ಸಂದು ಇತ್ತು. ಮೂವತ್ತು ವರ್ಷ ಬೆನ್ನು ಹಾಕಿ ಕೂತವನಿಗೆ ಕೊನೆಯಲ್ಲಿ ಒಂದು ಸಲ, ಒಂದೇ ಸಲ, ಮುಖ ಮುಂದಕ್ಕೆ ಮಾಡಿ ಕೂರುವ ಸರದಿ ಬರುತ್ತಿತ್ತು. ಬಂದವರ ಜೊತೆ ಬಂದವನ ಹಾಗೆ ಕೂತು ಹೋಗಿ ಹುಲಿ ನೋಡಿ ಬರಬಹುದು. ಹಾಗೆ ನೋಡಿ ಬಂದವರನ್ನು ಊರಿನವರು 'ಇಳಿದವರು' ಎಂದು ಕರೆಯುತ್ತಿದ್ದರು. ಐದು ಜನ ಇಳಿದವರು ಬಸರಿ ಮರದ ಕಟ್ಟೆಯ ಮೇಲೆ ಬಿಳಿ ಪಂಚೆ ಉಟ್ಟು, ಕೆಂಪು ರುಮಾಲು ಸುತ್ತಿ ಕೂತಿರುತ್ತಿದ್ದರು. ಊರಿಗೆ ಊರೇ ಅವರಿಗೆ ಅಡ್ಡ ಬೀಳುತ್ತಿತ್ತು. ಬೀಳದೆ ಏನು, ಊರಿನಲ್ಲಿ ಹುಲಿ ಕಂಡವರು ಅವರೇ ತಾನೆ? ಅವರ ಎದುರಿಗೆ ತಲೆ ಎತ್ತಿ ನಿಲ್ಲುವ ಪದ್ಧತಿ ಇರಲಿಲ್ಲ. ಹುಲಿಯನ್ನು ಕಂಡ ಕಣ್ಣನ್ನು ಕಾಣದ ಕಣ್ಣು ನೋಡಬಾರದಂತೆ. ಗಾಡಿಯಾತ ಪ್ರತಿ ಸಲ ಗಾಡಿ ಕಟ್ಟುವ ಮೊದಲು ಕಟ್ಟೆಯ ಮುಂದೆ ತಲೆ ತಗ್ಗಿಸಿ ನಿಂತು, "ಕಂಡಿರಾ?" ಎಂದು ಕೇಳುತ್ತಿದ್ದ. "ಕಂಡೆವು" ಎಂದು ಐದು ಗಂಟಲು ಒಟ್ಟಿಗೆ ಹೇಳುತ್ತಿದ್ದವು. ಅಷ್ಟು ಕೇಳಿದರೆ ಅವನಿಗೆ ಆ ಮೂರು ದಿನ ಬೆನ್ನು ನೋಯುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಅವನು ಅವರ ಪಾದಗಳನ್ನು ಎಷ್ಟು ಚೆನ್ನಾಗಿ ಬಲ್ಲನೆಂದರೆ, ಯಾರ ಹೆಬ್ಬೆರಳ ಉಗುರು ಯಾವಾಗ ಬಿದ್ದು ಯಾವಾಗ ಬಂತು ಎಂದೂ ಹೇಳಬಲ್ಲವನಾಗಿದ್ದ.

ಕೊನೆಗೂ ಅವನ ಸರದಿ ಬಂತು.

ಹೆಂಡತಿ ಹೊಸ ಬಟ್ಟೆಯೊಂದನ್ನು ಚೌಕಟ್ಟಿಗೆ ಬಿಗಿದಿಟ್ಟಳು. "ನೋಡ್ರೀ, ನನ್ನ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗ್ತಾ ಇದೆ. ಇಷ್ಟು ವರ್ಷ ಕಂಡೋರ ಮುಖ ನೋಡ್ಕೊಂಡು ಹುಲಿ ಬರೆದೆ. ಒಂದಾದ್ರೂ ನಿಜವಾದ್ದು ಬರೀಬೇಕು. ಕಿವಿ ಹೆಂಗೈತೆ, ಗಲ್ಲದ ಮೇಲೆ ಎಷ್ಟು ಗೆರೆ, ಕಾಲು ಹೆಂಗೆ ಎತ್ತಿ ಇಡ್ತದೆ, ಎಲ್ಲಾ ನೋಡ್ಕೊಂಡು ಬನ್ನಿ."

"ನೋಡದೆ ಇರ್ತೀನೇನೇ? ಅದಕ್ಕೇ ಅಲ್ವಾ ಹೋಗ್ತಿರೋದು?" ಎಂದು ಗಾಡಿಯಾತ ನಕ್ಕ.

ಅವನ ಜಾಗಕ್ಕೆ ಅವನ ಅಕ್ಕನ ಮಗ ಬಂದ. ಎರಡು ಮಕ್ಕಳ ತಂದೆ, ಗಟ್ಟಿಮುಟ್ಟಾದ ಆಳು, ಅಂದೇ ಮೊದಲ ಸಲ ಕಣ್ಣುಪಟ್ಟಿ ಕಟ್ಟಿಸಿಕೊಂಡವನು. ಮಾವನ ಎದುರಿಗೆ ಕಾಡಿಗೆ ಬೆನ್ನು ಹಾಕಿ ಕೂತು ಹಗ್ಗ ಹೆಗಲ ಮೇಲೆ ಎಳೆದುಕೊಂಡ. ಗಾಡಿಯಲ್ಲಿ ಇನ್ನೂ ಮೂವರು ಇದ್ದರು. ಇಬ್ಬರು ಪೆಟ್ಟಿಗೆಯ ಗಂಡಸರು, ಒಬ್ಬಳು ಹೊರಗಿನ ಮುದುಕಿ. ಮುದುಕಿಯ ಹತ್ತಿರ ಪೆಟ್ಟಿಗೆ ಇರಲಿಲ್ಲ, ಎಲೆಯಡಿಕೆಯ ಸಂಚಿ ಇತ್ತು.

ಗಾಡಿ ಹೊರಟಿತು. ಗಾಡಿಯಾತನಿಗೆ ಮೊದಲು ಆದದ್ದು ತಲೆಸುತ್ತು. ಮೂವತ್ತು ವರ್ಷ ಮರಗಳು ಅವನಿಂದ ದೂರ ಹೋಗುವುದನ್ನೇ ನೋಡಿದ್ದ, ಈಗ ಮರಗಳು ಬರುತ್ತಿದ್ದವು. ಒಂದಾದ ಮೇಲೊಂದು ಎದೆಗೇ ಬರುತ್ತಿದ್ದವು. ಕೊಂಬೆ ಬಂತೆಂದು ತಲೆ ತಗ್ಗಿಸಿದ, ಅದು ಆಳೆತ್ತರ ಮೇಲಿತ್ತು. ಹೊಂಡ ಬಂತೆಂದು ಗೂಟ ಹಿಡಿದುಕೊಂಡ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಗಾಡಿಯಿಂದ ಬಗ್ಗಿ ವಾಂತಿ ಮಾಡಿದ. ಪೆಟ್ಟಿಗೆಯವರು ಅದರದೂ ಒಂದು ಚಿತ್ರ ಹಿಡಿದರು.

"ಗಾಡಿ ಹೊಸದಾ ನಿಮಗೆ?" ಎಂದು ಮುದುಕಿ ಕನಿಕರದಿಂದ ಎಲೆಯಡಿಕೆ ಕೊಟ್ಟಳು.

"ಹೊಸದೇ ಕಣವ್ವಾ" ಎಂದ ಗಾಡಿಯಾತ.

ಎರಡನೆಯ ದಿನ ತಲೆಸುತ್ತು ನಿಂತಿತು. ಬಿದಿರು ಮೆಳೆ ಬಂತು, ಒಣಗಿದ ಹಳ್ಳ ಬಂತು, ನೀರಿನ ಗುಂಡಿ ಬಂತು, ಎಲ್ಲವೂ ಬಂದು ಅವನನ್ನು ದಾಟಿಕೊಂಡು ಹೋದವು. ಬರುವಾಗ ಕಾಡು ಇಷ್ಟು ಹಸಿರಾಗಿರುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬಂತು, ಯಾರಿಗೂ ಕಾಣದ ಹಾಗೆ ರುಮಾಲಿನ ತುದಿಯಿಂದ ಒರೆಸಿಕೊಂಡ. ಹುಲಿ ಬರಲಿಲ್ಲ. ಸಂಜೆ ಬಯಲಿನಲ್ಲಿ ಗಾಡಿ ಬಿಟ್ಟು ಅನ್ನ ಬೇಯಿಸುವಾಗ ಪೆಟ್ಟಿಗೆಯವರು ಗೊಣಗಿದರು. "ನಿಧಾನ, ನಿಧಾನ, ನಿಧಾನ" ಎಂದು ಹೊಸ ಗಾಡಿಯಾತ ಪದ್ಧತಿಯಂತೆ ಸಮಾಧಾನ ಹೇಳಿದ. ಹಳೆಯ ಗಾಡಿಯಾತ ಆ ಮಾತನ್ನು ಸಾವಿರಾರು ಸಲ ಬೇರೆಯವರಿಗೆ ಹೇಳಿದ್ದ. ಇವತ್ತು ಅದೇ ಮಾತು ಕೇಳಿ ಅವನಿಗೆ ಮೈ ಉರಿಯಿತು.

ಮೂರನೆಯ ದಿನ. ಹೊತ್ತು ಮಾರುದ್ದ ಏರಿತ್ತು. ಎಲ್ಲೋ ಮರದ ಮೇಲೆ ಕರಿಮೂತಿಯ ಮುಸುವ ಒಮ್ಮೆ ಕೆಮ್ಮಿದಂತೆ ಕೂಗಿತು. ಜಿಂಕೆ ಕೂಗಿತು. ಆಮೇಲೆ ಕಾಡು ಸುಮ್ಮನಾಯಿತು. ಎತ್ತುಗಳು ತಾವಾಗಿಯೇ ನಿಂತವು.

ಈ ಮೌನ ಎಂಥದ್ದೆಂದು ಗಾಡಿಯಾತನ ಬೆನ್ನಿಗೆ ಗೊತ್ತಿತ್ತು. ಮೂವತ್ತು ವರ್ಷ ಬೆನ್ನ ಹಿಂದೆ ಬರುತ್ತಿದ್ದದ್ದು ಇವತ್ತು ಎದುರಿಗೆ ಬಂದಿತ್ತು. ಅವನ ಮುಂದೆ ಒಂದು ಮೊಳ ದೂರದಲ್ಲಿ ಅಕ್ಕನ ಮಗನ ಮುಖ. ಅದರ ಆಚೆ, ಹುಡುಗನ ಭುಜದ ಮೇಲಿಂದ ಒಂದು ಗೇಣು ಕಣ್ಣೆತ್ತಿದರೆ, ಹತ್ತು ಮಾರಿನಲ್ಲಿ ಹುಲಿ. ಒಂದು ಗೇಣು, ಅಷ್ಟೇ.

ಪೆಟ್ಟಿಗೆಯವರು ಪೆಟ್ಟಿಗೆ ಎತ್ತಿದರು. ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊಸ ಗಾಡಿಯಾತನಿಗೆ ಹಿಂದೆ ಏನು ಬಂದಿದೆ ತಿಳಿಯಬೇಕಿತ್ತು. ಓದಲು ಅವನ ಎದುರಿಗೆ ಪೂರ್ತಿ ಕಾಣುತ್ತಿದ್ದದ್ದು ಒಂದೇ ಮುಖ, ಮಾವನದು. ಅವನು ಮಾವನ ಮುಖವನ್ನೇ ನೆಟ್ಟ ಕಣ್ಣಿನಿಂದ ನೋಡಿದ.

ಮಾವ ಅವನ ಮುಖವನ್ನು ನೋಡಿದ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಊರು ಕಲಿಸಿದ ಗುಣ. ಅದಂತೂ ಸುಡುವುದೇ ಇಲ್ಲ. ಎತ್ತು ನಿಂತು ಕಾಡು ಸುಮ್ಮನಾದರೆ ಎದುರಿನ ಮುಖ ನೋಡಬೇಕು. ಮೂವತ್ತು ವರ್ಷ ಅವನ ಕಣ್ಣು ಮಾಡಿದ್ದು ಅದನ್ನೇ, ಈಗಲೂ ಅದನ್ನೇ ಮಾಡಿತು. ಅಕ್ಕನ ಮಗನ ಮುಖದಲ್ಲಿ ಹುಲಿ ಬರುತ್ತದೆಂದು ಮಾವ ಕಾದ. ಮಾವನ ಮುಖದಲ್ಲಿ ಹುಲಿ ಬರುತ್ತದೆಂದು ಅಕ್ಕನ ಮಗ ಕಾದ. ಇಬ್ಬರೂ ಉಸಿರು ಬಿಗಿಹಿಡಿದು ಒಬ್ಬರ ಮುಖದಲ್ಲಿ ಒಬ್ಬರು ಹುಲಿ ಹುಡುಕುತ್ತ ಕೂತರು. ಹುಲಿ ಯಾವ ಅವಸರವೂ ಇಲ್ಲದೆ ದಾರಿ ದಾಟಿತು.

"ಮಾವಾ, ಬಂತಾ?" ಎಂದು ಹೊಸ ಗಾಡಿಯಾತ ತುಟಿಯಲ್ಲೇ ಕೇಳಿದ.

"ಹೋಯ್ತು" ಎಂದಳು ಮುದುಕಿ.

ಗಾಡಿಯಾತ ಆಗ ಕಣ್ಣೆತ್ತಿದ. ದಾರಿಯ ಆಚೆ ಹುಲ್ಲು ಅಲ್ಲಾಡುತ್ತಿತ್ತು. ಅವನು ಹಾಗೇ ನೋಡಿದ, ಹುಲ್ಲು ಅಲ್ಲಾಡುವುದೂ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂವತ್ತು ವರ್ಷ ಹಸಿದವನ ತುತ್ತು ಅದು. ಗಾಡಿ ಮುಂದಕ್ಕೆ ಹೋದ ಮೇಲೂ ಅವನು ಚಾಪೆಯ ಮೇಲಿಂದ ಕತ್ತು ಚಾಚಿ ಆ ಹುಲ್ಲನ್ನೇ ನೋಡುತ್ತಿದ್ದ.

ಮುದುಕಿ ಅವನ ಕೈ ಹಿಡಿದುಕೊಂಡಳು. "ಎಂಥ ಪುಣ್ಯ ಮಾಡಿದ್ದೀರಪ್ಪಾ ನೀವು! ನಮ್ಮ ಯಾರ ಕಡೆಗೂ ತಿರುಗಿ ನೋಡಲಿಲ್ಲ ಅದು. ದಾರಿ ಉದ್ದಕ್ಕೂ ನಿಮ್ಮನ್ನೇ ನೋಡ್ಕೊಂಡು ಹೋಯ್ತು."

ಮನೆಗೆ ಬಂದಾಗ ಹೆಂಡತಿ ಬಣ್ಣ ಕಲಸಿಕೊಂಡು, ಕುಂಚ ನೆನೆಸಿಕೊಂಡು ಕಾಯುತ್ತಿದ್ದಳು. "ಹೇಳ್ರೀ, ಕಿವಿಯಿಂದ ಶುರು ಮಾಡಿ" ಎಂದಳು.

ಗಾಡಿಯಾತ ಮೆಟ್ಟು ಬಿಟ್ಟು ಹೊಸಿಲ ಮೇಲೆ ಕೂತ. "ನಾನು ನೋಡಲಿಲ್ಲ ಕಣೇ."

"ಬರಲಿಲ್ವಾ?"

"ಬಂತು. ನಾನು ನಮ್ಮ ಹುಡುಗನ ಮುಖ ನೋಡ್ತಾ ಕೂತ್ಬಿಟ್ಟೆ."

ಹೆಂಡತಿಗೆ ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅಳು ಬಂತು, ಗೋಡೆಗೆ ಒರಗಿಕೊಂಡು ಅತ್ತಳು. ಅಳು ಮುಗಿದ ಮೇಲೆ ಮೂಗು ಒರೆಸಿಕೊಂಡು, "ನಾಳೆ ಹೋಗಿ ಯಜಮಾನ್ರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ನೋಡಿಲ್ಲ ಅಂದ್ಮೇಲೆ ನಿಮ್ಮ ಸರದಿ ಇನ್ನೂ ಹಾಗೇ ಐತಲ್ಲ. ಇನ್ನೊಂದು ಸಲ ಹೋಗ್ತೀನಿ ಅಂತ ಕೇಳಿ. ಕೇಳಿದ್ರೆ ನಿಮ್ಮ ಗಂಟೇನು ಹೋಗ್ತದೆ?" ಎಂದಳು.

"ಇದುವರೆಗೆ ಯಾರೂ ಕೇಳಿಲ್ಲ ಕಣೇ."

"ನಿಮ್ಮಂಥ ಪೆದ್ದರೂ ಇದುವರೆಗೆ ಯಾರೂ ಇದ್ದಿರಲಾರರು. ಹೋಗಿ ಕೇಳಿ."

ಆ ಮಾತು ಗಾಡಿಯಾತನಿಗೆ ನಿಜ ಎನ್ನಿಸಿತು. ತನ್ನಂಥ ಪೆದ್ದ ತಾನೊಬ್ಬನೇ ಎಂದುಕೊಂಡು ಬೆಳಿಗ್ಗೆ ಎದ್ದು ಚಾವಡಿಗೆ ಹೋದ.

ಊರ ಯಜಮಾನ ತನ್ನದೇ ಹೊಟ್ಟೆಯ ಹುಲಿಯ ಚಿತ್ರದ ಕೆಳಗೆ ದಿಂಬಿಗೆ ಒರಗಿ ಕೂತಿದ್ದ. ಪಕ್ಕದ ತಟ್ಟೆಯಲ್ಲಿ ಮಡಿಸಿದ ಬಿಳಿ ಪಂಚೆ, ಕೆಂಪು ರುಮಾಲು. ಊರಿನ ನಾಲ್ಕು ಜನ ಸೇರಿದ್ದರು.

"ಬಾರಯ್ಯ, ಪುಣ್ಯವಂತ. ಕಂಡೆಯಾ?" ಎಂದ ಯಜಮಾನ.

"ಕಾಣಲಿಲ್ಲ ಯಜಮಾನ್ರೇ."

ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನನಿಗೆ ಮಾತ್ರ ಆಶ್ಚರ್ಯವಾದಂತೆ ಕಾಣಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಹೊರಳಿಸಿದ.

"ಹುಲಿ ಬಂದಿತ್ತೋ?"

"ಬಂದಿತ್ತು."

"ನೀನು ಗಾಡಿಯಲ್ಲಿ ಇದ್ದೆಯೋ?"

"ಇದ್ದೆ."

"ಮುಖ ಮುಂದಕ್ಕೆ ಇತ್ತೋ?"

"ಇತ್ತು."

"ಕಣ್ಣು ತೆರೆದಿತ್ತೋ?"

"ತೆರೆದಿತ್ತು, ಆದ್ರೆ..."

"ಮುಗೀತಲ್ಲ. ಕಂಡಿದ್ದೀಯ" ಎಂದ ಯಜಮಾನ. "ಹುಲಿ ಬಂತು, ನೀನು ಇದ್ದೆ, ಕಣ್ಣು ತೆರೆದಿತ್ತು. ಇದಕ್ಕಿಂತ ಹೆಚ್ಚು ಕಾಣೋದು ಅಂದ್ರೆ ಏನಯ್ಯ? ನಿನ್ನ ನೋಟದಷ್ಟು ಪಟ್ಟೆ ಆಗಲೇ ಸವೆದಾಯ್ತು."

"ನಾನು ನೋಡ್ಲೇ ಇಲ್ಲ, ಪಟ್ಟೆ ಹೆಂಗೆ ಸವೀತದೆ? ಇನ್ನೊಂದು ಸಲ ಕೂರಿಸಿ. ಅಷ್ಟೇ ಕೇಳೋದು."

"ಇನ್ನೊಂದು ಸಲ ನೀನು ಕೂತರೆ ಇನ್ನೊಬ್ಬ ಕೇಳ್ತಾನೆ. ಅವನಾದ ಮೇಲೆ ಮತ್ತೊಬ್ಬ. ಎಲ್ಲಾರೂ ಪಲ್ಲಕ್ಕಿ ಹತ್ತಿ ಕೂತರೆ ಹೊರೋರ್ಯಾರು?" ಯಜಮಾನ ಎದ್ದು ಬಂದು ತನ್ನ ಕೈಯಿಂದಲೇ ಅವನ ತಲೆಗೆ ಕೆಂಪು ರುಮಾಲು ಸುತ್ತಿದ. ದನಿ ತಗ್ಗಿಸಿ, "ಒಳ್ಳೆ ಮನುಷ್ಯ ನೀನು. ಮರ್ಯಾದೆಯಾಗಿ ಹೋಗಿ ಕಟ್ಟೆ ಮೇಲೆ ಕೂತ್ಕೋ" ಎಂದ. ಆಮೇಲೆ ಊರಿಗೆಲ್ಲ ಕೇಳುವಂತೆ, "ಕಂಡಿದ್ದಾನೆ!" ಎಂದು ಕೂಗಿದ. ನಾಲ್ಕು ಜನ ಅಡ್ಡ ಬಿದ್ದರು.

ಗಾಡಿಯಾತ ಬಿಳಿ ಪಂಚೆ ಉಟ್ಟು, ಕೆಂಪು ರುಮಾಲಿನಲ್ಲಿ ಬೆವರುತ್ತ ಬಸರಿ ಮರದ ಕಡೆಗೆ ನಡೆದ. ಅವನೊಳಗೆ ಇನ್ನೂ ಒಂದು ಆಸೆ ಇತ್ತು. ಇಳಿದವರು ನಿಜವಾಗಿ ಕಂಡವರು. ತನ್ನ ಸಂಕಟ ಅವರಿಗಾದರೂ ತಿಳಿಯುತ್ತದೆ, ಅವರು ಹೇಳಿದರೆ ಯಜಮಾನ ಕೇಳುತ್ತಾನೆ. ಕಟ್ಟೆ ಹತ್ತಿದ. ಈಗ ಅವನೂ ಇಳಿದವನು, ತಲೆ ಎತ್ತಬಹುದು. ಮೂವತ್ತು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ಆ ಐದು ಮುಖಗಳನ್ನು ನೋಡಿದ.

ಮುಖ ಓದುವುದರಲ್ಲಿ ಅವನನ್ನು ಮೀರಿಸುವವರು ಊರಿನಲ್ಲಿ ಇರಲಿಲ್ಲ. ಹುಲಿ ಒಮ್ಮೆ ಬಂದು ಹೋದ ಮುಖ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು. ಎಷ್ಟು ವರ್ಷವಾದರೂ ಕಣ್ಣಿನ ಕೊನೆಯಲ್ಲಿ ಅದರದೊಂದು ಕಳೆ ಉಳಿದಿರುತ್ತದೆ. ಆ ಐದು ಮುಖಗಳಲ್ಲಿ ಅದು ಇರಲಿಲ್ಲ. ಅಲ್ಲಿ ಇದ್ದದ್ದು ಇವತ್ತು ಅವನ ಸ್ವಂತ ಮುಖದಲ್ಲಿ ಇದ್ದದ್ದೇ.

"ನೀವೂನಾ?" ಎಂದ ಗಾಡಿಯಾತ.

ಎಲ್ಲರಿಗಿಂತ ಹಿರಿಯ ಇಳಿದವನು ಸರಿದು ಪಕ್ಕದಲ್ಲಿ ಜಾಗ ಮಾಡಿದ. "ಕೂತ್ಕೋ. ನಾನೂ ಮೊದಲ ದಿನ ಯಜಮಾನರ ಮುಂದೆ ಕಾಣಲಿಲ್ಲ ಅಂತಲೇ ಹೇಳಿದ್ದೆ. ಇವರಪ್ಪ ಯಜಮಾನ ಆಗ. ಕಣ್ಣು ತೆರೆದಿತ್ತೋ ಅಂತ ಅವರೂ ಕೇಳಿದ್ರು."

"ನಾನು ಪಕ್ಕದಲ್ಲಿದ್ದ ಮಗೂನ ಮುಖ ನೋಡ್ತಿದ್ದೆ" ಎಂದ ಎರಡನೆಯವನು. "ಬಲು ಚೆನ್ನಾಗಿತ್ತು."

"ನಾನು ಹುಲಿ ಬಂತು ಅಂದ ತಕ್ಷಣ ಕಣ್ಣೇ ಮುಚ್ಕೊಂಡುಬಿಟ್ಟೆ. ಕಟ್ಟಳೆ ಮುರಿದುಹೋದೀತು ಅಂತ ಭಯ ಆಯ್ತು" ಎಂದ ಮೂರನೆಯವನು. ಅವನೇ ಮತ್ತೆ, "ನನ್ನನ್ನ ಕಣ್ಣು ತೆರೆದಿತ್ತೋ ಅಂತ ಕೇಳಲೇ ಇಲ್ಲ ನೋಡು" ಎಂದು ಸೇರಿಸಿದ.

ನಾಲ್ಕನೆಯವನೂ ಐದನೆಯವನೂ ತಮ್ಮ ತಮ್ಮ ಪಾದ ನೋಡಿಕೊಂಡರು. ಗಾಡಿಯಾತ ಕಟ್ಟೆಯ ಕಲ್ಲನ್ನು ಗುದ್ದಿದ. "ಮತ್ತೆ ಪ್ರತಿ ಸಲ ಕಂಡೆವು ಕಂಡೆವು ಅಂತಿದ್ರಲ್ಲ! ಆ ಮಾತು ನಂಬ್ಕೊಂಡು ಮೂವತ್ತು ವರ್ಷ ಬೆನ್ನು ಹಾಕಿ ಕೂತೆನಲ್ಲ ನಾನು! ಒಂದು ದಿನ, ಒಂದೇ ಒಂದು ದಿನ ನಿಜ ಹೇಳಿದ್ರೆ ನಿನ್ನೆ ನಾನು ಹುಷಾರಾಗಿರ್ತಿದ್ದೆ. ಮುಖ ನೋಡಬೇಡ, ಹುಲಿ ನೋಡು ಅಂತ ಒಬ್ಬರಾದ್ರೂ ಹೇಳಬಹುದಿತ್ತಲ್ಲ!"

"ಹೇಳಬಹುದಿತ್ತು" ಎಂದ ಹಿರಿಯ. "ನಿನ್ನ ಗಾಡಿಯವನು ಬರ್ತಿದ್ದಾನೆ, ನೋಡು. ನೀನು ಹೇಳು."

ಅಕ್ಕನ ಮಗ ಬರುತ್ತಿದ್ದ. ಗಾಡಿ ಕಟ್ಟಿ ನಿಲ್ಲಿಸಿ ಬಂದಿದ್ದ, ಬಂದವರು ಆಗಲೇ ಹತ್ತಿ ಕೂತು ಪೆಟ್ಟಿಗೆಗಳನ್ನು ಒರೆಸುತ್ತಿದ್ದರು. ಕಟ್ಟೆಯ ಮುಂದೆ ನಿಂತು ತಲೆ ತಗ್ಗಿಸಿದ. ಅವನ ನೋಟ ಆರನೆಯ ಜೊತೆ ಪಾದಗಳ ಮೇಲೆ ಬಂದು ನಿಂತಿತು.

"ಕಂಡಿರಾ?" ಎಂದು ಕೇಳಿದ.

"ಕಂಡೆವು" ಎಂದು ಐದು ಗಂಟಲು ಹೇಳಿದವು. ಆರನೆಯದು ಹೇಳಲಿಲ್ಲ.

ಗಾಡಿಯಾತ ಕಟ್ಟೆಯಿಂದ ಮುಂದಕ್ಕೆ ಬಾಗಿದ. "ತಲೆ ಎತ್ತೋ. ನಾನು ನಿನ್ನ ಮಾವ. ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ. ತಲೆ ಎತ್ತಿ ನನ್ನ ಮುಖ ನೋಡು. ಒಂದು ಸಲ ನೋಡಿಬಿಡು ಸಾಕು, ನಿಂಗೆ ನಾನೇನೂ ಹೇಳೋದೇ ಬೇಕಾಗಲ್ಲ."

ಅಕ್ಕನ ಮಗನ ಕತ್ತಿನ ನರ ಬಿಗಿಯಿತು. ತಲೆ ಒಂದು ಬೆರಳಿನಷ್ಟು ಮೇಲೆ ಬಂತು, ಅಲ್ಲಿಗೇ ನಿಂತಿತು, ಮತ್ತೆ ಕೆಳಗೆ ಹೋಯಿತು.

"ಬೇಡ ಮಾವಾ" ಎಂದ. ದನಿ ಮೆತ್ತಗಿತ್ತು. "ಗಾಡಿಯಲ್ಲೇ ನೋಡಿದೆ ನಿನ್ನ ಮುಖಾನ. ಇನ್ನೊಂದು ಸಲ ನೋಡಿದ್ರೆ ನಂಗೆ ಮರೆಯಕ್ಕಾಗಲ್ಲ. ನಿಂದು ಮುಗೀತು. ನಾನು ಇನ್ನೂ ಮೂವತ್ತು ವರ್ಷ ಕೂರಬೇಕು."

ಗಾಡಿಯಾತನ ಬಾಯಿಗೆ ಮಾತು ಬಂದಿತ್ತು. ಎದುರಿಗೆ ಅಕ್ಕನ ಮಗನ ನೆತ್ತಿ ಕಾಣುತ್ತಿತ್ತು. ಕೂದಲು ಇನ್ನೂ ದಟ್ಟವಾಗಿತ್ತು, ಕಣ್ಣುಪಟ್ಟಿಯ ದಾರ ಬಿಗಿದಲ್ಲಿ ಮೂರು ದಿನಕ್ಕೇ ಗೆರೆ ಬಿದ್ದಿತ್ತು. ಅವನ ಬೆನ್ನನ್ನೂ ನೋಡಿದ. ನೆಟ್ಟಗಿತ್ತು. ಈ ಬೆನ್ನು ಮೂವತ್ತು ವರ್ಷ ಯಾವುದರ ಮೇಲೆ ಒರಗಿಕೊಂಡು ಕೂರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

"ಕಂಡಿರಾ ಮಾವಾ?" ಎಂದು ಅಕ್ಕನ ಮಗ ಮತ್ತೊಮ್ಮೆ ಕೇಳಿದ. ಅದು ಕೇಳಿದಂತಿರಲಿಲ್ಲ, ಬೇಡಿಕೊಂಡಂತಿತ್ತು.

"ಕಂಡೆ ಕಣಪ್ಪಾ" ಎಂದ ಗಾಡಿಯಾತ. "ಹೋಗು, ಹೊತ್ತಾಯ್ತು. ನಿಧಾನವಾಗಿ ಹೋಗು."